ಚರಿತ್ರೆ ಮೇಡಂ ಅವರನ್ನು ಕೇಳಿ: ಒಬ್ಬನ ಕೊಲೆಗೆ ಇಡೀ ಯುರೋಪ್ ಯಾಕೆ ಯುದ್ಧಕ್ಕೆ ಇಳಿಯಿತು?

ಪ್ರಶ್ನೆ: ಮೇಡಂ, ಮಗಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಮೊದಲ ಮಹಾಯುದ್ಧಕ್ಕೆ ತಕ್ಷಣದ ಕಾರಣ ಆಸ್ಟ್ರಿಯಾದ ಯುವರಾಜನ ಕೊಲೆ ಅಂತ ಇತ್ತು. "ಒಬ್ಬರನ್ನು ಕೊಂದಿದ್ದಕ್ಕೆ ಇಷ್ಟೊಂದು ದೇಶಗಳು ಯಾಕಪ್ಪಾ ಹೊಡೆದಾಡಬೇಕಿತ್ತು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಿಜವಾದ ಕಾರಣ ಏನು? (ಓದುಗರು, ತಿಪಟೂರು)

ಉತ್ತರ: ನಾನು ಪಾಠ ಮಾಡುವಾಗಲೂ ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗನೋ ಹುಡುಗಿಯೋ ಇದನ್ನು ಕೇಳುತ್ತಿದ್ದರು. 'ತಕ್ಷಣದ ಕಾರಣ' ಎನ್ನುವ ಸಾಲು ಎರಡು ಅಂಕಕ್ಕೆ ಸಾಕು, ಮಕ್ಕಳ ಮನಸ್ಸಿಗೆ ಸಾಲದು.

ಕೊಲೆ ನಡೆದದ್ದು 1914ರ ಜೂನ್ 28ರಂದು, ಬೋಸ್ನಿಯಾದ ಸರಾಯೆವೊದಲ್ಲಿ. ಬೆಳಿಗ್ಗೆ ಒಬ್ಬ ಎಸೆದ ಬಾಂಬು ಗುರಿ ತಪ್ಪಿತ್ತು. ಆಮೇಲೆ ಯುವರಾಜ ಫ್ರಾನ್ಸ್ ಫರ್ಡಿನೆಂಡ್, ಗಾಯಗೊಂಡವರನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬರುತ್ತೇನೆ ಎಂದು ಹೊರಟ. ಡ್ರೈವರ್ ದಾರಿ ತಪ್ಪಿ ತಿರುಗಿಸಿದ. ಕಾರು ನಿಂತ ಜಾಗದಲ್ಲೇ ಗಾವ್ರಿಲೊ ಪ್ರಿನ್ಸಿಪ್ ನಿಂತಿದ್ದ. ಅವನಿಗೆ 19 ವರ್ಷ. ಬೋಸ್ನಿಯಾದ ಸರ್ಬ್ ಹುಡುಗ. ಆಸ್ಟ್ರಿಯಾ 1908ರಲ್ಲಿ ಬೋಸ್ನಿಯಾವನ್ನು ನುಂಗಿಹಾಕಿತು ಎಂಬ ಸಿಟ್ಟು ಅವನದು. ಯುವರಾಜ, ಅವನ ಹೆಂಡತಿ ಸೋಫಿ ಇಬ್ಬರೂ ಸತ್ತರು.

ಆದರೆ ಮರುದಿನವೇ ಯುದ್ಧ ಶುರುವಾಗಲಿಲ್ಲ. ಸರಿಯಾಗಿ ಒಂದು ತಿಂಗಳು ಹಿಡಿಯಿತು. ನಿಮ್ಮ ಮಗಳಿಗೆ ಬೇಕಾದ ಉತ್ತರ ಆ ಒಂದು ತಿಂಗಳಲ್ಲಿದೆ.

ಕೊಲೆಯ ಹಿಂದೆ ಪಕ್ಕದ ಸರ್ಬಿಯಾ ದೇಶದ ಕೈವಾಡ ಇದೆ ಎಂದಿತು ಆಸ್ಟ್ರಿಯಾ. ಅದಕ್ಕೆ ಸರ್ಬಿಯಾ ಮೇಲೆ ಮೊದಲಿನಿಂದಲೂ ಕಣ್ಣಿತ್ತು. 1912-13ರ ಬಾಲ್ಕನ್ ಯುದ್ಧಗಳಲ್ಲಿ ಗೆದ್ದು ಸರ್ಬಿಯಾ ತುಂಬಾ ಬೆಳೆದಿತ್ತು. ಹೀಗೇ ಬಿಟ್ಟರೆ ತನ್ನೊಳಗಿರುವ ಸರ್ಬರು, ಜೆಕ್ಕರು ಎಲ್ಲರೂ ನಮ್ಮ ದೇಶ ನಮಗೆ ಕೊಡಿ ಎಂದು ಎದ್ದು ನಿಲ್ಲುತ್ತಾರೆ ಎನ್ನುವ ಭಯ ಆಸ್ಟ್ರಿಯಾಕ್ಕೆ. ಜರ್ಮನಿಯನ್ನು ಕೇಳಿತು. ನೀವು ಏನು ಮಾಡಿದರೂ ನಾವಿದ್ದೇವೆ ಎಂದು ಜುಲೈ ಮೊದಲ ವಾರದಲ್ಲೇ ಅಲ್ಲಿನ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಮಾತು ಕೊಟ್ಟ. ಜರ್ಮನಿಗೂ ಒಂದು ಭಯ ಇತ್ತು. ರಷ್ಯಾ ಫ್ರಾನ್ಸಿನ ಸಾಲ ತಂದು ರೈಲು ಹಳಿ ಹಾಕುತ್ತಿತ್ತು, ಸೈನ್ಯ ಬೆಳೆಸುತ್ತಿತ್ತು. ಇನ್ನು ಕೆಲವೇ ವರ್ಷಕ್ಕೆ ರಷ್ಯಾವನ್ನು ತಡೆಯಲು ಆಗಲ್ಲ, ಆಗೋದಾದರೆ ಈಗಲೇ ಆಗಿಬಿಡಲಿ ಎಂದು ಬರ್ಲಿನ್ನಿನ ಸೇನಾಧಿಕಾರಿಗಳು ಯೋಚಿಸುತ್ತಿದ್ದರು. ಯುದ್ಧದ ಬೇರು ನನಗೆ ಕಾಣುವುದು ಇಲ್ಲೇ. ನಾಳೆ ಅವನು ನನಗಿಂತ ಬಲವಾಗುತ್ತಾನೆ ಎಂಬ ಹೆದರಿಕೆಯಲ್ಲಿ.

ಜುಲೈ 23ಕ್ಕೆ ಆಸ್ಟ್ರಿಯಾ ಷರತ್ತುಗಳ ಪಟ್ಟಿ ಕಳಿಸಿ 48 ಗಂಟೆ ಗಡುವು ಕೊಟ್ಟಿತು. ಸರ್ಬಿಯಾ ಹೆಚ್ಚುಕಡಿಮೆ ಎಲ್ಲಕ್ಕೂ ತಲೆಬಾಗಿತು. ನಿಮ್ಮ ಅಧಿಕಾರಿಗಳು ನಮ್ಮ ನೆಲದಲ್ಲಿ ಬಂದು ತನಿಖೆ ಮಾಡುವುದು ಮಾತ್ರ ಬೇಡ ಎಂದಿತು. ಆ ಉತ್ತರವನ್ನು ಕೈಸರ್ ಓದಿದ್ದು ಜುಲೈ 28ರ ಬೆಳಿಗ್ಗೆ. ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಅದರ ಮೇಲೆ ತಾನೇ ಬರೆದ. ಅದೇ ದಿನ ಆಸ್ಟ್ರಿಯಾ ಟೆಲಿಗ್ರಾಂನಲ್ಲಿ ಯುದ್ಧ ಸಾರಿತು. ಬೆಂಬಲ ಕೊಟ್ಟವನೇ ಬೇಡ ಅಂದುಕೊಳ್ಳುವ ಹೊತ್ತಿಗೆ ಕೆಲಸ ಕೈ ಮೀರಿತ್ತು.

ರಷ್ಯಾದ ತ್ಸಾರ್ ನಿಕೋಲಸ್ ಮತ್ತು ಕೈಸರ್ ಹತ್ತಿರದ ನೆಂಟರು. 'ನಿಕಿ', 'ವಿಲ್ಲಿ' ಎಂದು ಸಹಿ ಹಾಕಿ ಒಬ್ಬರಿಗೊಬ್ಬರು ಟೆಲಿಗ್ರಾಂ ಕಳಿಸುತ್ತಿದ್ದರು. ಜುಲೈ 29ರ ರಾತ್ರಿ ವಿಲ್ಲಿಯ ಟೆಲಿಗ್ರಾಂ ನೋಡಿ ನಿಕಿ ಮನಸ್ಸು ಬದಲಿಸಿದ. ಇಡೀ ಸೈನ್ಯವನ್ನು ಯುದ್ಧಕ್ಕೆ ಸಜ್ಜು ಮಾಡುವ ಆದೇಶವನ್ನು ರದ್ದು ಮಾಡಿದ. ಮರುದಿನ ಮಂತ್ರಿ, ಸೇನಾಪತಿಗಳೆಲ್ಲ ಸುತ್ತುವರಿದರು. 1908ರಲ್ಲಿ ಬೋಸ್ನಿಯಾ ವಿಷಯದಲ್ಲಿ ರಷ್ಯಾ ಸುಮ್ಮನಾಗಿತ್ತು, ಆ ಅವಮಾನ ಇನ್ನೂ ಹಸಿಯಾಗಿತ್ತು. ತಮ್ಮಂತೆಯೇ ಸ್ಲಾವ್ ಜನಾಂಗದವರಾದ ಸರ್ಬ್ ಸೋದರರನ್ನು ಮತ್ತೆ ಕೈಬಿಟ್ಟರೆ ಜನ ಕ್ಷಮಿಸುವುದಿಲ್ಲ ಎಂಬ ಒತ್ತಡ. ತ್ಸಾರ್ ಒಪ್ಪಿದ. ಮತ್ತೆ ಮನಸ್ಸು ಬದಲಿಸಿ ಅರಮನೆಯಿಂದ ಕರೆ ಬಂದರೆ ಕಷ್ಟ ಎಂದು ಸೇನಾ ಮುಖ್ಯಸ್ಥ ತನ್ನ ಟೆಲಿಫೋನನ್ನೇ ಒಡೆದುಹಾಕುವ ಮಾತಾಡಿದ್ದನಂತೆ. ಎಂಥ ಸ್ಥಿತಿ ನೋಡಿ! ಶಾಂತಿಯ ಕರೆ ಬಂದೀತು ಎಂದು ಹೆದರುವ ಕಾಲ.

ಆಮೇಲೆ ಒಂದರ ಹಿಂದೆ ಒಂದು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾ ಮೇಲೆ, 3ಕ್ಕೆ ರಷ್ಯಾದ ಮಿತ್ರ ಫ್ರಾನ್ಸ್ ಮೇಲೆ ಯುದ್ಧ ಸಾರಿತು. ಫ್ರಾನ್ಸಿಗೆ ದಾರಿ ಮಾಡಿಕೊಳ್ಳಲು 4ಕ್ಕೆ ಬೆಲ್ಜಿಯಂಗೆ ನುಗ್ಗಿತು. ಬೆಲ್ಜಿಯಂ ಕಾಯುವ ಮಾತು ಕೊಟ್ಟಿದ್ದ ಬ್ರಿಟನ್ ಕೂಡ ಇಳಿಯಿತು.

ಇದೆಲ್ಲ ಆಗಲೇಬೇಕಿತ್ತಾ? ಖಂಡಿತ ಇಲ್ಲ. ಬಾಲ್ಕನ್ ಗಲಾಟೆ ಜೋರಾಗಿದ್ದಾಗ ಇದೇ ದೇಶಗಳ ರಾಯಭಾರಿಗಳು ಲಂಡನ್ನಿನಲ್ಲಿ ಒಂದೇ ಮೇಜಿನ ಸುತ್ತ ಕೂತು ದೊಡ್ಡ ಯುದ್ಧ ತಪ್ಪಿಸಿದ್ದರು. 1914ರ ಜುಲೈಯಲ್ಲೂ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇ ಹಾಗೇ ಕೂರೋಣ ಬನ್ನಿ ಎಂದು ಕರೆದ. ಜರ್ಮನಿ ಒಪ್ಪಲಿಲ್ಲ. ಮಗಳಿಗೆ ಇದನ್ನು ತಪ್ಪದೇ ಹೇಳಿ.

ಪ್ರಶ್ನೆ: ದೇಶಗಳ ನಡುವೆ ವ್ಯಾಪಾರ ಜಾಸ್ತಿ ಇದ್ದರೆ ಯುದ್ಧ ಆಗಲ್ಲ ಅಂತಾರೆ. ನಿಜವಾ? (ಓದುಗರು, ಹುಬ್ಬಳ್ಳಿ)

ಉತ್ತರ: ಅಷ್ಟನ್ನೇ ನಂಬಿ ಕೂರುವಂತಿಲ್ಲ. 1914ರಲ್ಲಿ ಜರ್ಮನಿಯ ಸರಕಿಗೆ ಬ್ರಿಟನ್ ದೊಡ್ಡ ಗಿರಾಕಿ. ಜರ್ಮನಿಯ ಎಷ್ಟೋ ವ್ಯಾಪಾರಿ ಹಡಗುಗಳಿಗೆ ವಿಮೆ ಕೊಟ್ಟಿದ್ದೂ ಲಂಡನ್ನೇ. ಆದರೆ ಅದೇ ಕಾಲಕ್ಕೆ ಎರಡೂ ದೇಶ ಪೈಪೋಟಿಯಲ್ಲಿ ಯುದ್ಧನೌಕೆ ಕಟ್ಟುತ್ತಿದ್ದವು.

ಪ್ರಶ್ನೆ: ಹಾಗಾದರೆ ದೇಶಾಭಿಮಾನವೇ ತಪ್ಪು ಅಂತೀರಾ? (ಓದುಗರು, ಮಂಡ್ಯ)

ಉತ್ತರ: ಇಲ್ಲ, ಹಾಗೆ ಹೇಳಲಾರೆ. ಫ್ರಾನ್ಸಿನ ಎರಡು ವಿಷಯ ಹೇಳುತ್ತೇನೆ, ಕೇಳಿ.

1871ರಲ್ಲಿ ಜರ್ಮನಿ ಯುದ್ಧ ಗೆದ್ದು ಆಲ್ಸೇಸ್-ಲೊರೇನ್ ಪ್ರಾಂತ್ಯವನ್ನು ಫ್ರಾನ್ಸಿನಿಂದ ಕಿತ್ತುಕೊಂಡಿತು. ಪ್ಯಾರಿಸ್ಸಿನ ಕಾಂಕಾರ್ಡ್ ಚೌಕದಲ್ಲಿ ಫ್ರಾನ್ಸಿನ ದೊಡ್ಡ ಊರುಗಳ ಹೆಸರಿನಲ್ಲಿ ಹೆಂಗಸರ ಪ್ರತಿಮೆಗಳಿವೆ. ಕಳೆದುಕೊಂಡ ಸ್ಟ್ರಾಸ್‌ಬರ್ಗ್ ಊರಿನ ಪ್ರತಿಮೆಗೆ ಜನ ಕಪ್ಪು ಬಟ್ಟೆ ಹೊದಿಸಿದರು, ಹೂವು ಇಟ್ಟರು. ವರ್ಷಾನುಗಟ್ಟಲೆ. ಅದನ್ನು ನೋಡುತ್ತಲೇ ಒಂದು ಪೀಳಿಗೆ ಬೆಳೆಯಿತು. ಊರು ಕಳೆದುಕೊಂಡವರ ನೋವು ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣಬಾರದು.

ಎರಡನೆಯದು ಜಾನ್ ಜೋರೆಸ್ ಕಥೆ. ಫ್ರಾನ್ಸಿನ ಸಮಾಜವಾದಿ ನಾಯಕ. ದೇಶ ಕಾಯಲು ಪ್ರಜೆಗಳದ್ದೇ ಸೈನ್ಯ ಇರಲಿ ಎಂದು ಸಂಸತ್ತಿನಲ್ಲಿ ಮಸೂದೆ ತಂದಿದ್ದವನು. ಅವನಿಗೆ ದೇಶದ ಮೇಲೆ ಪ್ರೀತಿ ಇರಲಿಲ್ಲ ಅನ್ನಲು ಹೇಗೆ ಸಾಧ್ಯ? ಆದರೆ ಯುದ್ಧ ಬೇಡ ಎಂದು ಕೊನೇ ದಿನದವರೆಗೂ ಓಡಾಡಿದ. ಜುಲೈ 31ರ ರಾತ್ರಿ ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಊಟಕ್ಕೆ ಕೂತಿದ್ದ. ಹೊರಗಿನಿಂದ ರೌಲ್ ವಿಲೆನ್ ಎಂಬ ಯುವಕ ಗುಂಡು ಹಾರಿಸಿ ಕೊಂದ. ಆ ವಿಲೆನ್ ಆಲ್ಸೇಸ್-ಲೊರೇನ್ ಅಭಿಮಾನಿ ಯುವಕರ ಸಂಘದವನು. ಜೋರೆಸ್ ದೇಶದ್ರೋಹಿ ಎಂದು ಅವನು ನಂಬಿದ್ದ.

ಯುದ್ಧ ಮುಗಿದ ಮೇಲೆ, 1919ರಲ್ಲಿ ವಿಚಾರಣೆ ನಡೆಯಿತು. ತೀರ್ಪುಗಾರರು ಕೊಲೆಗಾರನನ್ನು ಬಿಟ್ಟುಬಿಟ್ಟರು. ಕೋರ್ಟಿನ ಖರ್ಚನ್ನು ಜೋರೆಸ್‌ನ ಹೆಂಡತಿ ಕಟ್ಟಬೇಕು ಎಂದಾಯಿತು! ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಊರಿನ ಮೇಲಿನ ಪ್ರೀತಿ ಯುದ್ಧ ತರುವುದಿಲ್ಲ. ನಮ್ಮವನೇ ಒಬ್ಬ ಎದ್ದು ನಿಂತು, ಸ್ವಲ್ಪ ತಡೆಯಿರಿ ಎಂದರೆ ಅವನನ್ನು ದ್ರೋಹಿ ಅನ್ನುತ್ತಾರಲ್ಲ, ಅದು ತರುತ್ತದೆ. ತ್ಸಾರ್ ಹಿಂದೆ ಸರಿಯಲು ಹೆದರಿದ್ದೂ ಅದಕ್ಕೇ ಅಲ್ವಾ?

ಪ್ರಶ್ನೆ: ಈ ಯುದ್ಧದಲ್ಲಿ ನಮ್ಮ ಕಡೆಯವರು ಯಾರಾದರೂ ಹೋಗಿದ್ದರಾ? (ಓದುಗರು, ಬೆಂಗಳೂರು)

ಉತ್ತರ: ಹೋಗಿದ್ದರು. ಬ್ರಿಟಿಷರ ಪರವಾಗಿ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು, 74,000ದಷ್ಟು ಜನ ಸತ್ತರು. ಮೈಸೂರು ಮಹಾರಾಜರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಪ್ಯಾಲೆಸ್ಟೀನ್ ಕಡೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ಹೈಫಾ ಊರನ್ನು ಗೆದ್ದಿತು. ಎದುರಿಗಿದ್ದವರು ಜರ್ಮನಿಯ ಜೊತೆ ಸೇರಿದ್ದ ತುರ್ಕರು. ಅವರ ಕೈಯಲ್ಲಿ ಮೆಷಿನ್ ಗನ್ ಇತ್ತು, ನಮ್ಮವರ ಕೈಯಲ್ಲಿ ಭರ್ಜಿ, ಕತ್ತಿ. ತುರ್ಕರಿಗೂ ಮೈಸೂರಿಗೂ ಯಾವ ಜಗಳವೂ ಇರಲಿಲ್ಲ. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿರುವ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಹೈದರಾಬಾದ್, ಜೋಧಪುರದವರು. ಅಷ್ಟು ದೂರ ಹೋಗಬೇಕಿಲ್ಲ, ನಿಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ.