ಸ್ಟಾರ್ ವಾರ್ಸ್ ಎಂಬ ಹಾಲಿವುಡ್ ಚಿತ್ರಸರಣಿಯ ಕಥೆಯಲ್ಲಿ ಬರುವ ‘ಫೋರ್ಸ್’ ಶಕ್ತಿಯಲ್ಲೇ ಒಳಿತು ಕೆಡುಕುಗಳು ಹುಟ್ಟಿನಿಂದ ಇವೆಯೇ?

ಇಲ್ಲ. ಕೆಡುಕು ಇರುವುದು ಬಳಸುವವರ ಮನಸ್ಸಿನಲ್ಲಿ ಎಂದೇ ನಾನು ನಂಬುತ್ತೇನೆ. 1977ರ ಮೊದಲ ಚಿತ್ರದಲ್ಲಿ ಹಿರಿಯ ಯೋಧ ಓಬಿ-ವಾನ್ ಹೇಳುವಂತೆ ಫೋರ್ಸ್ ಎಲ್ಲ ಜೀವಿಗಳಿಂದ ಹುಟ್ಟಿ ಇಡೀ ನಕ್ಷತ್ರಲೋಕವನ್ನು ಬೆಸೆಯುವ ಶಕ್ತಿ. 1980ರ ಚಿತ್ರದಲ್ಲಿ, ಫೋರ್ಸ್‌ನ ಕರಾಳ ಮುಖವೇ ಹೆಚ್ಚು ಬಲಶಾಲಿಯೇ ಎಂದು ಕಥಾನಾಯಕ ಲ್ಯೂಕ್ ಕೇಳಿದಾಗ ಅವನ ಗುರು ಯೋಡಾ ಒಪ್ಪುವುದಿಲ್ಲ. ಅದು ಬೇಗ ಕೈಗೆಟುಕುತ್ತದೆ, ಮರುಳು ಮಾಡುತ್ತದೆ, ಅಷ್ಟೇ. ಸಿಟ್ಟು, ಭಯ, ದ್ವೇಷಗಳೇ ಅದರ ಬಾಗಿಲು.

ಆದರೆ ಒಂದು ಗಟ್ಟಿ ಆಕ್ಷೇಪವಿದೆ: ಅದೇ ಚಿತ್ರದಲ್ಲಿ ಯೋಡಾ ಲ್ಯೂಕ್‌ಗೆ ಕಲಿಸುವ ಡಾಗೊಬಾ ಗ್ರಹದ ಗುಹೆ. ಆ ಜಾಗದಲ್ಲೇ ಕರಾಳ ಶಕ್ತಿ ತುಂಬಿದೆ ಎಂದು ಸ್ವತಃ ಯೋಡಾ ಹೇಳುತ್ತಾನೆ. ಕೋಲಾರ ಜಿಲ್ಲೆಯವನಾದ ನನಗೆ ಅದನ್ನು ನೋಡಿದಾಗಲೆಲ್ಲ ಕೆಜಿಎಫ್‌ನ ಸೈನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿತ್ಯಾಜ್ಯದ ರಾಶಿಗಳು, ನೆನಪಾಗುತ್ತವೆ. ಗಣಿ 2001ರಲ್ಲೇ ಮುಚ್ಚಿತು. ಜೋರಾಗಿ ಗಾಳಿ ಬೀಸಿದರೆ ಆ ಧೂಳು ಈಗಲೂ ಮನೆಗಳ ಮೇಲೆ ಬೀಳುತ್ತದೆ. ಆ ವಿಷವನ್ನು ನೆಲ ಹಡೆಯಲಿಲ್ಲ, ಚಿನ್ನ ತೆಗೆದವರು ಬಿಟ್ಟುಹೋದರು. ಗುಹೆಯ ಕರಾಳತೆಗೆ ಚಿತ್ರ ಕಾರಣ ಕೊಡುವುದಿಲ್ಲ, ಆದರೂ ನಾನು ಅದನ್ನು ಹೀಗೆಯೇ ಓದುತ್ತೇನೆ. ಒಳಗೆ ಏನಿದೆ ಎಂದು ಲ್ಯೂಕ್ ಕೇಳಿದರೆ, ನೀನು ಒಯ್ಯುವುದು ಮಾತ್ರ ಎಂಬುದು ಯೋಡಾನ ಉತ್ತರ. ಬೇಡವೆಂದರೂ ಲ್ಯೂಕ್ ಆಯುಧ ಹಿಡಿದು ಹೋಗುತ್ತಾನೆ. ಅಲ್ಲಿ ಎದುರಾದ ಶತ್ರುವಿನ ತಲೆ ಕತ್ತರಿಸಿದಾಗ, ಬಿದ್ದ ಮುಖವಾಡದೊಳಗೆ ತನ್ನದೇ ಮುಖವನ್ನು ಕಾಣುತ್ತಾನೆ.

ಇನ್ನು ಫೋರ್ಸ್‌ನ ‘ಸಮತೋಲನ’ ಎಂದರೆ ಅರ್ಧ ಒಳಿತು, ಅರ್ಧ ಕೆಡುಕು ಎಂದು ಹಲವರು ತಿಳಿದಿದ್ದಾರೆ. ಸೃಷ್ಟಿಕರ್ತ ಜಾರ್ಜ್ ಲ್ಯೂಕಾಸ್ ಅವರ ವಿವರಣೆ ಹಾಗಿಲ್ಲ. ಅವರ ಪ್ರಕಾರ ದುರಾಸೆ ಕರುಣೆಯನ್ನು ಮೀರಿದಾಗಲೇ ಸಮತೋಲನ ತಪ್ಪುತ್ತದೆ.