130 ಸಾಕಾ, 180 ಬೇಕಾ? ವಿಗ್ ಕೂದಲಿನ ದಟ್ಟಣೆ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 46 ವರ್ಷ. ಮುಂದಿನ ತಿಂಗಳು ಕೀಮೋ ಶುರು. ಕೂದಲು ಉದುರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಈಗ ಸೊಂಟದವರೆಗೆ ಜಡೆ ಇದೆ. ಮಗಳು ಆನ್‌ಲೈನ್‌ನಲ್ಲಿ 180 ಡೆನ್ಸಿಟಿಯ ವಿಗ್ ತೋರಿಸಿ ‘ಇದೇ ನಿನ್ನ ಕೂದಲಿನ ಥರ ಇದೆ’ ಅನ್ನುತ್ತಾಳೆ. ಅಂಗಡಿಯವರು 130 ಸಾಕು ಅಂತಾರೆ. ಯಾರ ಮಾತು ಕೇಳಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಂಗಡಿಯವರ ಮಾತು ಕೇಳಿ. ಆದರೆ 130 ಅನ್ನುವ ಅಂಕಿಯೊಂದನ್ನೇ ನಂಬಿ ದುಡ್ಡು ಕೊಡಬೇಡಿ.

ಡೆನ್ಸಿಟಿ ಅಂದರೆ ವಿಗ್‌ನಲ್ಲಿ ಕೂದಲು ಎಷ್ಟು ದಟ್ಟವಾಗಿದೆ ಅನ್ನುವುದು, ಅದನ್ನು ಶೇಕಡಾದಲ್ಲಿ ಹೇಳುತ್ತಾರೆ. ಈ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಒಂದಿಲ್ಲ. 100 ಅಂದರೆ ತಲೆ ತುಂಬ ಕೂದಲು ಅಂತಲೂ ಅಲ್ಲ. ತಯಾರಕರು ತಮ್ಮ ತಮ್ಮಲ್ಲೇ ಇಟ್ಟುಕೊಂಡ ಗುರುತು ಅದು. 80ರಿಂದ 100 ತೆಳು, 120–130 ಸಹಜ, 150 ಸ್ವಲ್ಪ ತುಂಬು, 180–200 ಭಾರಿ ದಟ್ಟ ಎಂಬುದು ಸ್ಥೂಲ ಲೆಕ್ಕ. ಒಬ್ಬರ 130 ಇನ್ನೊಬ್ಬರ 150ರಂತೆ ಕಂಡರೆ ಆಶ್ಚರ್ಯವಿಲ್ಲ. 180ರ ವಿಗ್ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಮಾರುವವರು ಅದನ್ನೇ ಮುಂದಿಡುತ್ತಾರೆ. ನಲವತ್ತು ದಾಟಿದ ಮುಖದ ಮೇಲೆ ಅದು ವಿಗ್ ಅಂತ ಎದ್ದು ಕಾಣುತ್ತದೆ.

ನಿಮ್ಮ ಕೂದಲು ಇನ್ನೂ ತಲೆಯ ಮೇಲಿದೆ, ಅದೇ ದೊಡ್ಡ ಅನುಕೂಲ. ಇವತ್ತೇ ಎಲ್ಲ ಕೂದಲನ್ನೂ ಹಿಂದಕ್ಕೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಅದರ ಬುಡಕ್ಕೆ ಒಂದು ದಾರ ಸುತ್ತಿ ಅಳೆಯಿರಿ. ಸುತ್ತಳತೆ 2 ಇಂಚಿನೊಳಗಿದ್ದರೆ ತೆಳು ಕೂದಲು, 4 ಇಂಚು ದಾಟಿದರೆ ದಟ್ಟ, ನಡುವೆ ಬಂದರೆ ಸಾಧಾರಣ. ಮದುವೆ ಫೋಟೊದಲ್ಲಿರುವ ಜಡೆ ಈ ಲೆಕ್ಕಕ್ಕೆ ಬರುವುದಿಲ್ಲ. ಬೈತಲೆ ಕಾಣುವಂತೆ ಮೇಲಿನಿಂದ ಒಂದು, ಎರಡೂ ಕಿವಿಗಳ ಪಕ್ಕದಿಂದ ಒಂದೊಂದು ಫೋಟೊ ತೆಗೆಸಿಕೊಳ್ಳಿ. ಒಂದು ಸಣ್ಣ ಕುಚ್ಚು ಕತ್ತರಿಸಿ ಕವರಿನಲ್ಲಿಡಿ. ಬಣ್ಣ, ದಪ್ಪ ಹೊಂದಿಸಲು ವಿಗ್ ಮಾಡುವವರಿಗೆ ಇಷ್ಟು ಬೇಕು. ಕೂದಲು ಉದುರುವುದು ಸಾಮಾನ್ಯವಾಗಿ ಮೊದಲ ಡೋಸ್ ಆಗಿ ಎರಡು–ಮೂರು ವಾರಕ್ಕೆ ಶುರುವಾಗುತ್ತದೆ, ಹಾಗಾಗಿ ಮುಂಚೆಯೇ ಹೋಗಿ ಬನ್ನಿ.

ಇನ್ನು ಉದ್ದದ ಮಾತು. ಸೊಂಟದುದ್ದದ ವಿಗ್ ಆಸೆ ಸದ್ಯಕ್ಕೆ ಬಿಡಿ. 130 ಡೆನ್ಸಿಟಿಯಲ್ಲಿ ಅಷ್ಟು ಉದ್ದ ಮಾಡಿದರೆ ತುದಿ ಇಲಿ ಬಾಲದಂತಾಗುತ್ತದೆ. ತುದಿ ತುಂಬಿಸಬೇಕೆಂದರೆ 180–200ಕ್ಕೆ ಹೋಗಬೇಕು, ಆಗ ತೂಕ ಏರುತ್ತದೆ. ಕೀಮೋ ವೇಳೆ ನೆತ್ತಿ ಮುಟ್ಟಿದರೂ ನೋಯುವಷ್ಟು ಸೂಕ್ಷ್ಮವಾಗಿರುತ್ತದೆ, ದಾವಣಗೆರೆ ಬಿಸಿಲು ಬೇರೆ. 12ರಿಂದ 14 ಇಂಚು, 120–130, ಒಳಗೆ ಮೆತ್ತನೆಯ ಕ್ಯಾಪ್: ಇದು ನನ್ನ ಸಲಹೆ. ಕೂದಲು ಹೋದ ಮೇಲೆ ತಲೆಯ ಸುತ್ತಳತೆ ಸ್ವಲ್ಪ ಕುಗ್ಗುವುದರಿಂದ ಹಿಂದೆ ಬಿಗಿ ಮಾಡುವ ಪಟ್ಟಿ ಇರಲಿ. ಮೊದಲ ದಿನಗಳಲ್ಲಿ ಅಡಿಯಲ್ಲಿ ತೆಳ್ಳನೆ ಹತ್ತಿಯ ಟೋಪಿ ಹಾಕಿಕೊಳ್ಳಿ.

ತುರುಬು ಕಟ್ಟುವ ಅಭ್ಯಾಸವಿದ್ದರೆ ಅದನ್ನು ಅಂಗಡಿಯಲ್ಲೇ ಹೇಳಿಬಿಡಿ. ಮಷಿನ್‌ನಲ್ಲಿ ಪಟ್ಟಿ ಪಟ್ಟಿಯಾಗಿ ಹೊಲಿದ ವಿಗ್‌ನ ಕೂದಲನ್ನು ಮೇಲಕ್ಕೆ ಎತ್ತಿ ಕಟ್ಟಿದರೆ ಹಿಂದಲೆಯಲ್ಲಿ ಹೊಲಿಗೆ ಸಾಲು ಬಯಲಾಗುತ್ತದೆ, ಡೆನ್ಸಿಟಿ ಎಷ್ಟಿದ್ದರೂ ಅಷ್ಟೆ. ಕತ್ತಿನ ಮೇಲೆ ಸಡಿಲವಾಗಿ ಹೆಣೆದ ಜಡೆಗೆ ತೊಂದರೆಯಿಲ್ಲ. ಸಿಂಥೆಟಿಕ್ ವಿಗ್ ತಗೊಂಡರೆ ಕುಕ್ಕರ್ ಮುಚ್ಚಳ ತೆಗೆಯುವಾಗ, ಒಗ್ಗರಣೆ ಹಾಕುವಾಗ ತಲೆ ಹಿಂದಕ್ಕಿಟ್ಟುಕೊಳ್ಳಿ. ಒಂದು ಸಲ ಆ ಹಬೆ ಬಡಿದರೆ ಮುಂಗುರುಳು ಸುಕ್ಕಾಗಿ ನಿಲ್ಲುತ್ತದೆ, ಮತ್ತೆ ನೇರ ಆಗುವುದು ಕಷ್ಟ.

ಪ್ರಶ್ನೆ: ಅಲೋಪೇಶಿಯಾದಿಂದ ಕೂದಲು ಕಳೆದುಕೊಂಡಿದ್ದೇನೆ, ವಯಸ್ಸು 29. ಆನ್‌ಲೈನ್‌ನಲ್ಲಿ ತರಿಸಿದ 22 ಇಂಚಿನ, 180ರ ಅಸಲಿ ಕೂದಲಿನ ವಿಗ್ ಹಾಕಿಕೊಂಡರೆ ಹೆಲ್ಮೆಟ್ ಹಾಕಿದಂತಿದೆ. ವಾಪಸ್ ತಗೊಳ್ಳುವುದಿಲ್ಲವಂತೆ. ತೆಳು ಮಾಡಿಸಬಹುದಾ?
— ಓದುಗರೊಬ್ಬರು, ಮೈಸೂರು

ಉತ್ತರ: ಮಾಡಿಸಬಹುದು. ಕತ್ತರಿ ಎತ್ತುವ ಮುಂಚೆ ತಪ್ಪು ಎಲ್ಲಿದೆ ಅಂತ ಹುಡುಕೋಣ. ‘ತುಂಬಾ ದಟ್ಟ’ ಅಂತ ನಮ್ಮಲ್ಲಿಗೆ ಬರುವ ವಿಗ್‌ಗಳಲ್ಲಿ ಎಷ್ಟೋ ಸಲ ತೊಂದರೆ ಇರುವುದು ಹಣೆಯ ಅಂಚಿನಲ್ಲಿ. ಹುಟ್ಟು ಕೂದಲು ಹಣೆಯ ಬಳಿ ಒಂದೊಂದೇ ಎಳೆಯಾಗಿ ಶುರುವಾಗಿ ಹಿಂದೆ ಹೋದಂತೆ ದಟ್ಟವಾಗುತ್ತದೆ. ಒಳ್ಳೆಯ ಕೆಲಸಗಾರರು ಲೇಸಿನ (ಕೂದಲನ್ನು ಗಂಟು ಹಾಕುವ ತೆಳು ಜಾಲರಿ ಬಟ್ಟೆಯ) ಮೊದಲ ಸಾಲುಗಳಲ್ಲಿ ಗಂಟಿಗೆ ಒಂದೇ ಕೂದಲು ಹಾಕುತ್ತಾರೆ, ಹಿಂದಕ್ಕೆ ಹೋದಂತೆ ಎರಡು–ಮೂರು. ಅಗ್ಗದ ಮಾಲಿನಲ್ಲಿ ಮೊದಲ ಸಾಲಿನಿಂದಲೇ ಗೋಡೆ ಎದ್ದಿರುತ್ತದೆ.

ಕಿಟಕಿ ಬೆಳಕಿಗೆ ನಿಂತು ಮುಂದಿನ ಕೂದಲನ್ನು ಹಿಂದಕ್ಕೆ ಬಾಚಿ ನೋಡಿ. ಅಂಚು ಗೆರೆ ಎಳೆದಂತಿದ್ದರೆ ಅಲ್ಲಿಂದ ಶುರು ಮಾಡಿಸಿ. ಚಿಮಟದಿಂದ ಒಂದೊಂದೇ ಎಳೆ ಕೀಳುವ ಕೆಲಸ ಅದು. ತೀರಾ ಅಂಚಿನ ಸಾಲಿಗೆ ಕೈ ಹಾಕದೆ ಅದರ ಹಿಂದಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ತೆಗೆಯಬೇಕು. ಯೂಟ್ಯೂಬ್ ನೋಡಿ ನೀವೇ ಮಾಡಲು ಹೋಗಬೇಡಿ, ಲೇಸ್ ಹರಿದರೆ ಸೇರಿಸುವುದು ಕಷ್ಟ, ಕಿತ್ತ ಕೂದಲು ಮತ್ತೆ ಬೆಳೆಯುವುದಿಲ್ಲ.

ನೆತ್ತಿಯೇ ಉಬ್ಬಿದ್ದರೆ ಒಳಗಿನ ಪಟ್ಟಿಗಳನ್ನು ನೋಡಬೇಕು. ಹಿಂದಲೆಯಲ್ಲಿ ಒಂದು ಬಿಟ್ಟು ಒಂದರಂತೆ ಎರಡು–ಮೂರು ಪಟ್ಟಿ ಬಿಚ್ಚಿದರೆ ತೂಕವೂ ಇಳಿಯುತ್ತದೆ, ಗಾಳಿಯೂ ಆಡುತ್ತದೆ. ನನಗೆ ಥಿನ್ನಿಂಗ್ ಕತ್ತರಿಗಿಂತ (ಕೂದಲು ತೆಳು ಮಾಡುವ ಹಲ್ಲಿನ ಕತ್ತರಿ) ಈ ದಾರಿಯೇ ಇಷ್ಟ. ಕತ್ತರಿ ಬಳಸಲೇಬೇಕೆಂದರೆ ಕೂದಲಿನ ನಡುಭಾಗದಿಂದ ಕೆಳಗೆ ಮಾತ್ರ. ಬುಡದ ಹತ್ತಿರ ಹಾಕಿದರೆ ಮೊಟಕಾದ ಎಳೆಗಳು ನೆಟ್ಟಗೆ ನಿಂತು ಇನ್ನೂ ಉಬ್ಬಿಸುತ್ತವೆ. ಉದ್ದ ಕಡಿಮೆ ಮಾಡಿಸುವುದಾದರೆ ಸಮ ಅಂಚಿಗೆ ಕತ್ತರಿಸಲು ಬಿಡದೆ ಲೇಯರ್ ಹಾಕಿಸಿ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಬೈತಲೆಯಲ್ಲಿ ಕಾಣುವ ಬಟ್ಟೆಯ ಬಣ್ಣ ನಿಮ್ಮ ನೆತ್ತಿಯ ಬಣ್ಣಕ್ಕಿಂತ ಬೆಳ್ಳಗಿದ್ದರೆ ಕೂದಲು ತೆಳುವೆಂಬ ಭ್ರಮೆ ಬರುತ್ತದೆ. ಎಷ್ಟೋ ಜನ 180ಕ್ಕೆ ಹೋಗುವುದೇ ಇದರಿಂದ. ಮೈಬಣ್ಣಕ್ಕೆ ಹೊಂದುವ ಪೌಡರನ್ನು ಬ್ರಷ್‌ನಿಂದ ಅಲ್ಲಿಗೆ ಸವರಿದರೆ ಸಾಕು. ಮುಂದಿನ ಸಲ ಗುಂಗುರು ಕೂದಲು ತಗೊಳ್ಳುವುದಾದರೆ ಇನ್ನೂ ಕಡಿಮೆ ಡೆನ್ಸಿಟಿ ಕೇಳಿ. ಗುಂಗುರು ತಾನಾಗಿಯೇ ತುಂಬಿ ಕಾಣುತ್ತದೆ.

ಪ್ರಶ್ನೆ: ಹೆಂಡತಿಗೆ ‘150 ಡೆನ್ಸಿಟಿ, ಅಸಲಿ ತಿರುಪತಿ ಕೂದಲು’ ಅಂತ ಹೇಳಿದ ವಿಗ್ ಕೊಡಿಸಿದೆ. ನಾಲ್ಕು ತಿಂಗಳಿಗೇ ತುದಿ ತೆಳುವಾಗಿ, ಬುಡದಲ್ಲಿ ಗಂಟು ಗಂಟಾಗಿದೆ. ಮೋಸ ಹೋದೆವಾ?
— ಓದುಗರು, ಹೊಸಪೇಟೆ

ಉತ್ತರ: ಲಕ್ಷಣ ನೋಡಿದರೆ ಅದು ಮುಡಿ ಕೊಟ್ಟ ಕೂದಲಲ್ಲ ಅನಿಸುತ್ತದೆ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯನ್ನು ಟಿಟಿಡಿ ಹರಾಜು ಹಾಕುತ್ತದೆ. ಹಾಗೆ ಒಟ್ಟಿಗೆ ತೆಗೆದ ಕೂದಲಲ್ಲಿ ಬುಡ ಒಂದು ಕಡೆ, ತುದಿ ಒಂದು ಕಡೆ ಇರುವಂತೆ ಕಾಯ್ದುಕೊಳ್ಳಲು ಸಾಧ್ಯ. ರೆಮಿ ಅನ್ನುವುದು ಅದನ್ನೇ. ಇನ್ನೊಂದು ಬಗೆ ನಿಮ್ಮ ಪಕ್ಕದ ಜಿಲ್ಲೆಯದು. ಬಾಚಿದಾಗ ಉದುರಿದ ಕೂದಲನ್ನು ಬೀದಿ ಬೀದಿ ಸುತ್ತಿ ಪಿನ್ನು, ಪಾತ್ರೆ ಕೊಟ್ಟು ಕೊಳ್ಳುತ್ತಾರಲ್ಲ, ಅದು ಕೊಪ್ಪಳದ ಭಾಗ್ಯನಗರದಂಥ ಕಡೆ ಹೋಗಿ, ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ವಿಂಗಡಣೆಯಾಗುತ್ತದೆ. ಎಷ್ಟೋ ಕುಟುಂಬಗಳ ಅನ್ನ ಅದರಿಂದ ನಡೆಯುತ್ತದೆ, ಅದನ್ನು ಕೀಳಾಗಿ ನೋಡಬೇಕಿಲ್ಲ. ಆದರೆ ಅದರಲ್ಲಿ ಬುಡ–ತುದಿ ಬೆರೆತಿರುತ್ತದೆ, ಒಂದು ಎಳೆಯ ಹೊರಪದರ ಇನ್ನೊಂದರದಕ್ಕೆ ಸಿಕ್ಕಿ ಗಂಟಾಗುತ್ತದೆ. ಹೊಸದರಲ್ಲಿ ಸಿಲಿಕೋನ್ ಲೇಪ ಮಿರಿಮಿರಿ ಮಿಂಚುತ್ತದೆ, ಕೆಲವು ಸಲ ತೊಳೆದ ಮೇಲೆ ಬಣ್ಣ ಬಯಲು. ಅದನ್ನು ಅದೇ ಹೆಸರಿನಲ್ಲಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಸರಿ.

ತುದಿ ತೆಳುವಾಗಲು ಇನ್ನೊಂದು ಕಾರಣವಿದೆ. ಒಂದೇ ಕಟ್ಟಿನಲ್ಲಿ ಗಿಡ್ಡ ಎಳೆಗಳೂ ಸೇರಿದ್ದರೆ ಅದು ಸಿಂಗಲ್ ಡ್ರಾನ್. ಗಿಡ್ಡವನ್ನು ಆರಿಸಿ ತೆಗೆದಿದ್ದರೆ ಡಬಲ್ ಡ್ರಾನ್, ಬೆಲೆ ಜಾಸ್ತಿ. ಡಬ್ಬಿಯ ಮೇಲೆ 150 ಅಂತ ಎರಡಕ್ಕೂ ಬರೆಯಬಹುದು. ಕೊಳ್ಳುವಾಗ ಕೆಳಗಿನ ಮೂರು ಇಂಚನ್ನು ಮುಷ್ಟಿಯಲ್ಲಿ ಹಿಡಿದು, ಬುಡದ ಮುಷ್ಟಿಗೆ ಹೋಲಿಸಿ ನೋಡಬೇಕು.

ಪ್ರಶ್ನೆ: ನನಗೆ 52. ನೆತ್ತಿಗೆ ಪ್ಯಾಚ್ (ಬೋಳಾದ ಜಾಗಕ್ಕಷ್ಟೇ ಕೂರುವ ಸಣ್ಣ ವಿಗ್) ಹಾಕಿಸಬೇಕು. ಕಾಲೇಜು ದಿನಗಳಲ್ಲಿದ್ದಷ್ಟು ಕೂದಲು ಬೇಕು ಅಂದರೆ ಎಷ್ಟು ಡೆನ್ಸಿಟಿ ಕೇಳಲಿ?
— ಓದುಗರು, ಶಿವಮೊಗ್ಗ

ಉತ್ತರ: ಕಾಲೇಜು ಫೋಟೊ ಮನೆಯಲ್ಲೇ ಇರಲಿ ಸರ್. ಕಿವಿಯ ಮೇಲೆ ಈಗ ಉಳಿದಿರುವ ಕೂದಲಿಗೆ ಪ್ಯಾಚ್ ಹೊಂದಬೇಕು. ಪಕ್ಕ ತೆಳು, ನೆತ್ತಿ ಕಪ್ಪು ಮುದ್ದೆ ಆದರೆ ದೂರದಿಂದಲೇ ಗೊತ್ತಾಗುತ್ತದೆ. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ 80ರಿಂದ 100, ಪಕ್ಕದ ಕೂದಲು ನಿಜಕ್ಕೂ ಗಟ್ಟಿಯಿದ್ದರೆ 110. ಮುಂದಿನ ಅಂಚು ಇನ್ನೂ ತೆಳುವಿರಲಿ, ಹುಬ್ಬಿನಿಂದ ನಾಲ್ಕು ಬೆರಳು ಮೇಲಿರಲಿ. ಪಕ್ಕದಲ್ಲಿ ಎಷ್ಟು ನರೆ ಇದೆಯೋ ಅಷ್ಟು ನರೆಯನ್ನು ಪ್ಯಾಚಿನಲ್ಲೂ ಬೆರೆಸಲು ಹೇಳಿ.