ಹೊಸದಾಗಿ ಹಾಕಿಸಿದ ಕರೆಂಟಿನ ಷವರ್‌ನಲ್ಲಿ ತಣ್ಣೀರೇ ಬರುತ್ತಿದೆ, ಏಕಿರಬಹುದು?

ಕೊಡಗಿನ ಮಾದಾಪುರದ ಕಡೆಯ ನಿಮ್ಮ ಹೋಂಸ್ಟೇ ಕಾಟೇಜಿಗೆ ಹೋದ ವಾರ 4.5 ಕಿಲೋವಾಟ್‌ನ ಷವರ್ ಹೀಟರ್ ಹಾಕಿಸಿದ್ದೀರಿ, ಕೆಂಪು ದೀಪ ಉರಿಯುತ್ತದೆ, ನೀರು ಮಾತ್ರ ಬಿಸಿಯಾಗುವುದಿಲ್ಲ, ಹಾಕಿದವರು ಮೆಷಿನ್ ಸರಿಯಾಗಿಯೇ ಇದೆ ಎಂದು ಹೇಳಿ ಹೋಗಿದ್ದಾರೆ ಎಂದು ಬರೆದಿದ್ದೀರಿ. ನಾನು ಎಲೆಕ್ಟ್ರಿಷಿಯನ್ ಅಲ್ಲ. ಸೋಮವಾರಪೇಟೆಯ ಬಳಿ ತೋಟದ ಮನೆಯಲ್ಲಿದ್ದು ಇದೇ ತೊಂದರೆಯನ್ನು ಒಂದು ಇಡೀ ಚಳಿಗಾಲ ಅನುಭವಿಸಿದವನು. ಆ ಅನುಭವದಿಂದ ಹೇಳುವುದಾದರೆ, ಅವರ ಮಾತು ನಿಜವೇ ಇರಬಹುದು.

ಹೀಟರನ್ನು ಬಿಚ್ಚುವ ಮೊದಲು ಕರೆಂಟಿನ ಮೀಟರನ್ನು ನೋಡಿ. ಅದರ ಮೇಲೆ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ (ದೀಪದ ಮಿನುಗು) ಎಂದು ಅಚ್ಚಾಗಿರುತ್ತದೆ. ಅದು 3200 ಎಂದಿಟ್ಟುಕೊಳ್ಳೋಣ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಒಬ್ಬರನ್ನು ಷವರ್ ತಿರುಗಿಸಲು ನಿಲ್ಲಿಸಿ, ಮೀಟರಿನ ಪುಟ್ಟ ಕೆಂಪು ದೀಪ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ (ಬೇಗ ಬೇಗ ಮಿನುಗುವುದರಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ನಿಧಾನವಾಗಿ ಎಣಿಸುವುದೇ ಸುಲಭ). ಹೀಟರ್ ಪೂರ್ತಿ 4.5 ಕಿಲೋವಾಟ್ ಎಳೆಯುತ್ತಿದ್ದರೆ ಸುಮಾರು 120 ಸಲ ಮಿನುಗಬೇಕು.

ಬಹುತೇಕ ಮಿನುಗದೇ ಇದ್ದರೆ ನೀರು ಕಾಯಿಸುವ ಕಾಯಿಲ್‌ಗೆ ಕರೆಂಟೇ ಹೋಗುತ್ತಿಲ್ಲ. ಕೆಲವು ಮಾದರಿಗಳಲ್ಲಿ ಹೊರಗಿನ ಕೆಂಪು ದೀಪವು ಹೀಟರಿನ ತನಕ ಕರೆಂಟು ಬಂದಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ನೀರಿನ ಹರಿವು ಸಾಕಷ್ಟಿದ್ದಾಗ ಮಾತ್ರ ಒಳಗಿನ ಸ್ವಿಚ್ ಕಾಯಿಲ್ ಅನ್ನು ಚಾಲೂ ಮಾಡುತ್ತದೆ. ನೀರು ಒಳಬರುವ ಮತ್ತು ಹೊರಹೋಗುವ ಪೈಪುಗಳು ಅದಲುಬದಲಾಗಿದ್ದರೆ ಆ ಸ್ವಿಚ್ ಕೆಲಸ ಮಾಡುವುದಿಲ್ಲ. ಹೊಸ ಜೋಡಣೆಯಲ್ಲಿ ಪೈಪು ಕೊಯ್ದ ಚೂರು, ಟೆಫ್ಲಾನ್ ಟೇಪಿನ ತುಂಡು, ಹೊಳೆಯ ನೀರಿನ ಮಣ್ಣು ಒಳಬಾಯಿಯ ಜಾಲರಿಗೆ ಸಿಕ್ಕಿಕೊಳ್ಳುವುದೂ ಸಾಮಾನ್ಯ. ನೀರು ತುಂಬುವ ಮೊದಲೇ ಸ್ವಿಚ್ ಹಾಕಿದ್ದರೆ ಅತಿಯಾಗಿ ಕಾದು, ಕರೆಂಟನ್ನು ತಾನೇ ಕಡಿಯುವ ಕಟ್‌ಔಟ್ ಬಿದ್ದಿರಲೂಬಹುದು. ಇವುಗಳಲ್ಲಿ ಯಾವುದನ್ನು ಮುಟ್ಟುವುದಿದ್ದರೂ ಬೋರ್ಡಿನ ಎಂಸಿಬಿ ಸ್ವಿಚ್ಚನ್ನು ಕೆಳಗಿಳಿಸಿಯೇ ಮುಟ್ಟಿ. ಮುಚ್ಚಳ ತೆಗೆಯುವ ಕೆಲಸವನ್ನು ಬಲ್ಲವರಿಗೆ ಬಿಡಿ.

ಎಣಿಕೆ 120ರ ಹತ್ತಿರ ಬಂದರೆ ಹೀಟರ್ ತನ್ನ ಕೆಲಸ ಮಾಡುತ್ತಿದೆ, ನೀರು ಹೆಚ್ಚಾಗಿದೆ ಎಂದರ್ಥ. ನಮ್ಮ ಕಡೆ ತೊಟ್ಟಿಯನ್ನು ಮನೆಯ ಮಾಡಿನ ಮೇಲಲ್ಲ, ಹಿಂದಿನ ಗುಡ್ಡದ ಮೇಲೆ ಇಡುವವರೇ ಬಹಳ. ಮೂವತ್ತು ಮೀಟರ್ ಎತ್ತರದಿಂದ ಬರುವ ನೀರಿಗೆ ಸುಮಾರು 3 ಬಾರ್ ಒತ್ತಡವಿರುತ್ತದೆ. ಹತ್ತು ಲೀಟರಿನ ಬಕೆಟ್ ಎರಡೇ ನಿಮಿಷಕ್ಕೆ ತುಂಬುತ್ತಿದ್ದರೆ 4.5 ಕಿಲೋವಾಟ್ ಆ ನೀರನ್ನು 13 ಡಿಗ್ರಿಗಿಂತ ಹೆಚ್ಚು ಏರಿಸಲಾರದು. ಡಿಸೆಂಬರಿನ ಬೆಳಿಗ್ಗೆ ತೊಟ್ಟಿಯ ನೀರು 16 ಡಿಗ್ರಿ ಇದ್ದರೆ ನಿಮ್ಮ ತಲೆಯ ಮೇಲೆ ಬೀಳುವುದು 29 ಡಿಗ್ರಿಯ ನೀರು, ಅಂದರೆ ಮೈಯ ಬಿಸಿಗಿಂತ ಕಡಿಮೆ. ಅದು ತಣ್ಣಗೇ ಅನ್ನಿಸುತ್ತದೆ. ಒಳಬರುವ ಪೈಪಿನ ಆಂಗಲ್ ಕಾಕನ್ನು ತಿರುಗಿಸಿ, ಅದೇ ಬಕೆಟ್ ತುಂಬಲು ಮೂರೂಮುಕ್ಕಾಲು ನಿಮಿಷ ಹಿಡಿಯುವಂತೆ ಮಾಡಿದರೆ 40 ಡಿಗ್ರಿ ಸಿಗುತ್ತದೆ. ನೀರು ಹೊರಹೋಗುವ ಕಡೆ ಮಾತ್ರ ತಡೆಯಬೇಡಿ.

ಎಣಿಕೆ 65ರ ಆಸುಪಾಸು ನಿಂತರೆ, ಬಿಸಿಯ ಗುಂಡಿ ಅರ್ಧಕ್ಕಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ವೋಲ್ಟೇಜನ್ನು ಅನುಮಾನಿಸಿ. ನನ್ನದು ಇದೇ ಆಗಿತ್ತು. ಬೆಳಿಗ್ಗೆ ಬೆಚ್ಚಗೆ ಬರುತ್ತಿದ್ದ ನೀರು ಸಂಜೆ ಏಳಕ್ಕೆ ಬರೀ ತಣ್ಣಗೆ. ಜನವರಿಯಲ್ಲಿ ಕಾಫಿ ಹಣ್ಣು ಕುಯ್ದು ತಂದು ಅಕ್ಕಪಕ್ಕದ ತೋಟಗಳಲ್ಲೆಲ್ಲ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸಿ, ವೋಲ್ಟೇಜ್ ಕುಸಿಯುವ ಹೊತ್ತು ಅದು ಎಂದು ನನಗೆ ಹೊಳೆಯಲು ಮೂರು ವಾರ ಬೇಕಾಯಿತು. ಕಾಫಿ ಹೂವಿಗೆ ಪಂಪಿನಲ್ಲಿ ನೀರು ಹೊಡೆಯುವ ಕಾಲದಲ್ಲೂ ಹೀಗೆಯೇ ಆಗುತ್ತದೆ. ಕಾಯಿಲ್‌ನ ಬಿಸಿ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಇಳಿಯುವುದರಿಂದ, 230 ವೋಲ್ಟ್ ಇರಬೇಕಾದಲ್ಲಿ 170 ಇದ್ದರೆ ನಿಮ್ಮ 4.5 ಕಿಲೋವಾಟ್ ಸುಮಾರು 2.5ಕ್ಕೆ ಇಳಿಯುತ್ತದೆ. ಆಗ ನೀರನ್ನು ಕಡಿಮೆ ಮಾಡಿ ಸರಿಪಡಿಸೋಣವೆಂದರೆ ಹರಿವು ಸಾಲದೆ ಒಳಗಿನ ಸ್ವಿಚ್ಚೇ ಆರಿಹೋಗಬಹುದು.

ಮನೆಯಿಂದ ಕಾಟೇಜಿಗೆ ಎಳೆದ ವೈರನ್ನೂ ನೋಡಿಸಿ. ಈ ಹೀಟರ್ ಸುಮಾರು 20 ಆಂಪಿಯರ್ ಎಳೆಯುವುದರಿಂದ 16 ಆಂಪಿಯರಿನ ಪ್ಲಗ್ಗಿಗೆ ಹಾಕುವಂತಿಲ್ಲ. ನಲವತ್ತು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದಿದ್ದರೆ ಅದರಲ್ಲೇ 11-12 ವೋಲ್ಟ್ ಕಳೆದುಹೋಗುತ್ತದೆ. ವೋಲ್ಟೇಜನ್ನು ಹೀಟರ್ ಓಡುತ್ತಿರುವಾಗಲೇ ಅಳೆಸಬೇಕು, ಆರಿಸಿ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಮತ್ತು ಕರೆಂಟು ಸೋರಿದರೆ ತಾನೇ ಆರಿಹೋಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇದೆಯೇ ಎಂದೂ ವಿಚಾರಿಸಿ.

ನಾನು ಕೊನೆಗೆ ಷವರ್ ಹೀಟರನ್ನು ತೆಗೆಸಿ 25 ಲೀಟರ್ ತುಂಬಿಟ್ಟುಕೊಳ್ಳುವ 2 ಕಿಲೋವಾಟ್ ಗೀಸರ್ ಹಾಕಿಸಿದೆ. ವೋಲ್ಟೇಜ್ ಕಡಿಮೆಯಾದರೆ ಅದು ಇಪ್ಪತ್ತೆರಡು ನಿಮಿಷದ ಬದಲು ನಲವತ್ತು ನಿಮಿಷ ತೆಗೆದುಕೊಂಡೀತು, ಆದರೆ ತಣ್ಣೀರು ಕೊಡುವುದಿಲ್ಲ. ಬಚ್ಚಲಿನ ಹಂಡೆ ಒಲೆಯನ್ನು ಮಾತ್ರ ಕೀಳಿಸಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇಲ್ಲದಾಗ ಅದೇ ಗತಿ.

ನಿಮ್ಮ ಮೀಟರಿನ ಎಣಿಕೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದು, ಬಕೆಟ್ ತುಂಬಿದ ಸಮಯದೊಂದಿಗೆ ಬರೆಯಿರಿ. ತೊಂದರೆ ನೀರಿನದೋ ಕರೆಂಟಿನದೋ ಎಂದು ಅಷ್ಟರಲ್ಲೇ ಹೇಳಬಹುದು.